ಕಥೆಯ ಒಗಟು, ಕೆರೆಯ ಒಗಟು



ಧಾರಾವಾಹಿಯ ಒಂದು ಕಂತು ಮುಗಿದು ಮುಂದಿನ ಕಂತು ಬರಬೇಕಾದರೆ ನಡುವೆ ಒಂದು ವಾರ ಕಳೆಯಬೇಕು. ಆ ಒಂದು ವಾರದಲ್ಲಿ ನೋಡುಗರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಕೊಲೆ ಮಾಡಿದವರು ಯಾರು, ಮುಖವಾಡ ತೊಟ್ಟು ಬಂದವನು ಯಾರು, ಬೀಗ ಹಾಕಿದ ಕೋಣೆಯಲ್ಲಿ ಇರುವುದೇನು ಎಂದು ಕಥೆಗಾರ ನಮ್ಮನ್ನು ಕಾಯಿಸುತ್ತಾನೆ. ನಾವು ಸುಮ್ಮನೆ ಕಾಯುವುದಿಲ್ಲ. ಬಸ್ಸಿನಲ್ಲಿ, ಕಾಲೇಜಿನ ಜಗಲಿಯ ಮೇಲೆ, ಊಟದ ಹೊತ್ತಿನಲ್ಲಿ ಕುಳಿತು ಊಹೆ ಮಾಡುತ್ತೇವೆ. ‘ಅವನೇ ಇರಬೇಕು’ ಎಂದು ಒಬ್ಬರು ಹೇಳಿದರೆ, ‘ಸಾಧ್ಯವೇ ಇಲ್ಲ, ಆ ರಾತ್ರಿ ಅವನು ಊರಿನಲ್ಲೇ ಇರಲಿಲ್ಲವಲ್ಲ’ ಎಂದು ಇನ್ನೊಬ್ಬರು ತಡೆಯುತ್ತಾರೆ. ದೊಡ್ಡವರಿಗೆ ಇದು ಕಾಲಹರಣದಂತೆ ಕಾಣಬಹುದು. ಆದರೆ ಈ ಹರಟೆಯಲ್ಲಿ ಒಂದು ಶಾಸ್ತ್ರವಿದೆ, ಜೊತೆಗೆ ಒಂದು ಅಪಾಯವೂ ಇದೆ. ಎರಡನ್ನೂ ತಿಳಿದಿರುವುದು ಒಳ್ಳೆಯದು.

ಈ ಅಭ್ಯಾಸ ದೂರದರ್ಶನದೊಂದಿಗೆ ಬಂದದ್ದಲ್ಲ. ‘ಸುಧಾ’ ವಾರಪತ್ರಿಕೆ 1965ರಲ್ಲಿಯೂ ‘ತರಂಗ’ 1983ರಲ್ಲಿಯೂ ಆರಂಭವಾದವು. ಅವುಗಳಲ್ಲಿ ಬರುತ್ತಿದ್ದ ಧಾರಾವಾಹಿಗಳಿಗಾಗಿ ಓದುಗರು ವಾರವಿಡೀ ಕಾಯುತ್ತಿದ್ದರು. ಒಂದೇ ಪ್ರತಿಯನ್ನು ಅಕ್ಕಪಕ್ಕದ ನಾಲ್ಕು ಮನೆಯವರು ಹಂಚಿಕೊಂಡು ಓದುತ್ತಿದ್ದ ಕಾಲ ಅದು. ಕೊನೆಯಲ್ಲಿ ‘ಮುಂದುವರಿಯುವುದು’ ಎಂಬ ಪದ ಕಂಡೊಡನೆ ಚರ್ಚೆ ಆರಂಭವಾಗುತ್ತಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ಅಪರಾಧಿ ಯಾರೆಂದು ಮೊದಲೇ ಪಂದ್ಯ ಕಟ್ಟಿ ಓದಿದವರು ನಿಮ್ಮ ಮನೆಯ ಹಿರಿಯರಲ್ಲಿಯೇ ಇರಬಹುದು.

ಇನ್ನೂ ಹಿಂದಕ್ಕೆ ಹೋದರೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ನೆನಪಾಗುತ್ತದೆ. 12ನೆಯ ಶತಮಾನದ ಅಲ್ಲಮಪ್ರಭು ಈ ಊರಿನವರೆಂದು ಪರಂಪರೆ ಹೇಳುತ್ತದೆ. ಅವರ ಅನೇಕ ವಚನಗಳಿಗೆ ಬೆಡಗಿನ ವಚನಗಳೆಂದು ಹೆಸರು. ಹೊರಗೆ ಒಂದು ವಿಚಿತ್ರವಾದ ಚಿತ್ರ, ಒಳಗೆ ಬೇರೊಂದು ಅರ್ಥ. ಅರ್ಥವನ್ನು ವಚನಕಾರರೇ ಬಿಡಿಸಿ ಹೇಳಿ ಹೋಗಲಿಲ್ಲ. ಮುಂದಿನ ಶತಮಾನಗಳಲ್ಲಿ ವಿದ್ವಾಂಸರು ಇವುಗಳಿಗೆ ಟೀಕೆಗಳನ್ನು ಬರೆದರು. ಈ ಪದಕ್ಕೆ ಈ ಸಂಕೇತ, ಆ ಪ್ರಾಣಿಗೆ ಆ ತತ್ತ್ವ ಎಂದು ವಿವರಿಸಿದರು. ಬೆಡಗಿನ ವಚನವು ಪತ್ತೇದಾರಿ ಕಥೆಯಲ್ಲ. ಅದಕ್ಕೆ ಒಂದೇ ಉತ್ತರವಿರಬೇಕೆಂಬ ನಿಯಮವೂ ಇಲ್ಲ. ಆದರೂ ಮುಚ್ಚಿದ್ದನ್ನು ಬಿಚ್ಚಿ ನೋಡುವ ಹಂಬಲ ನಮ್ಮ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಈಗ ನಮ್ಮ ಕಾಲದ ಒಂದು ಉದಾಹರಣೆಗೆ ಬರೋಣ. ಅಮೆರಿಕದ ಡಿಸ್ನಿ ವಾಹಿನಿಗಳಲ್ಲಿ 2012ರ ಜೂನ್ ತಿಂಗಳಿಂದ 2016ರ ಫೆಬ್ರುವರಿಯವರೆಗೆ ‘ಗ್ರ್ಯಾವಿಟಿ ಫಾಲ್ಸ್’ ಎಂಬ ಆನಿಮೇಷನ್ ಸರಣಿ ಪ್ರಸಾರವಾಯಿತು. ಒಟ್ಟು 40 ಕಂತುಗಳು. ಇದನ್ನು ರೂಪಿಸಿದವರು ಅಲೆಕ್ಸ್ ಹರ್ಶ್. ನಿಮ್ಮಲ್ಲಿ ಕೆಲವರು ಇದನ್ನು ನೋಡಿರಬಹುದು. ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ.

ಡಿಪ್ಪರ್ ಮತ್ತು ಮೇಬಲ್ ಎಂಬ ಹನ್ನೆರಡು ವರ್ಷದ ಅವಳಿ ಮಕ್ಕಳು ಬೇಸಿಗೆ ರಜೆಗೆಂದು ತಮ್ಮ ತಾತನ ಸೋದರ ಸ್ಟ್ಯಾನ್ ಎಂಬುವರ ಮನೆಗೆ ಬರುತ್ತಾರೆ. ಊರು ಆರೆಗಾನ್ ರಾಜ್ಯದ ಕಾಡಿನ ನಡುವೆ ಇದೆ. ಸ್ಟ್ಯಾನ್ ತಾತ ಪ್ರವಾಸಿಗರಿಗೆ ನಕಲಿ ಅದ್ಭುತಗಳನ್ನು ತೋರಿಸಿ ಹಣ ಮಾಡುವ ಚಾಲಾಕಿ ಮುದುಕ. ಆದರೆ ಆ ಕಾಡಿನಲ್ಲಿ ನಿಜವಾದ ಅದ್ಭುತಗಳೂ ಇವೆ. ಡಿಪ್ಪರನಿಗೆ ಒಂದು ದಿನ ಹಳೆಯ ದಿನಚರಿ ಪುಸ್ತಕವೊಂದು ಸಿಗುತ್ತದೆ. ಅದರ ರಟ್ಟಿನ ಮೇಲೆ ಆರು ಬೆರಳುಗಳ ಅಂಗೈ ಗುರುತು, ಅದರ ಮೇಲೆ 3 ಎಂಬ ಅಂಕಿ. ಕಾಡಿನ ರಹಸ್ಯಗಳನ್ನೆಲ್ಲ ಅಧ್ಯಯನ ಮಾಡಿ ಯಾರೋ ಒಬ್ಬ ವಿಜ್ಞಾನಿ ಅದನ್ನು ಬರೆದಿದ್ದಾನೆ, ಬರೆದವನು ಕಾಣೆಯಾಗಿದ್ದಾನೆ. ಮೂರನೆಯದಿದ್ದರೆ ಒಂದನೆಯದು, ಎರಡನೆಯದು ಎಲ್ಲಿ? ಬರೆದವನು ಯಾರು? ಸುಮಾರು ಎರಡೂಮುಕ್ಕಾಲು ವರ್ಷ ನೋಡುಗರನ್ನು ಕಾಡಿದ ಪ್ರಶ್ನೆ ಇದೇ.

ಈ ಸರಣಿಯವರು ಇನ್ನೊಂದು ಕೆಲಸ ಮಾಡಿದ್ದರು. ಪ್ರತಿ ಕಂತಿನ ಕೊನೆಯಲ್ಲಿ ಹೆಸರುಗಳು ಹಾದುಹೋಗುವಾಗ ಗುಪ್ತಲಿಪಿಯ ಸಾಲೊಂದನ್ನು ತೋರಿಸುತ್ತಿದ್ದರು. ಮೊದಲ ಆರು ಕಂತುಗಳಲ್ಲಿ ಬಳಸಿದ್ದು ರೋಮಿನ ಜೂಲಿಯಸ್ ಸೀಸರ್ ಬಳಸುತ್ತಿದ್ದನೆನ್ನಲಾದ ವಿಧಾನ. ಪ್ರತಿ ಅಕ್ಷರಕ್ಕೂ ಬದಲಾಗಿ ಅದರಿಂದ ಮೂರು ಸ್ಥಾನ ಮುಂದಿರುವ ಅಕ್ಷರವನ್ನು ಬರೆಯುವುದು. ಇಂಗ್ಲಿಷಿನಲ್ಲಿ ಎ ಬದಲು ಡಿ, ಬಿ ಬದಲು ಇ. ನಮ್ಮ ಅಕ್ಷರಮಾಲೆಯಲ್ಲಿ ಹೇಳುವುದಾದರೆ ಕ ಬದಲು ಘ, ಖ ಬದಲು ಙ. ಓದುವವರು ಮೂರು ಅಕ್ಷರ ಹಿಂದಕ್ಕೆ ಬಂದರೆ ಸಾಕು. ಈ ಸೂಚನೆಯನ್ನು ಕೂಡ ಶೀರ್ಷಿಕೆ ಸಂಗೀತದ ಕೊನೆಯಲ್ಲಿ ಪಿಸುಮಾತಾಗಿ, ಅದೂ ಹಿಂದುಮುಂದಾಗಿ ನುಡಿಸಿ ಅಡಗಿಸಿದ್ದರು. ಧ್ವನಿಯನ್ನು ತಿರುಗಿಸಿ ಕೇಳಿದವರಿಗೆ ಬೀಗದ ಕೈ ಸಿಕ್ಕಿತು. ಮುಂದೆ ಅಕ್ಷರಮಾಲೆಯನ್ನು ತಲೆಕೆಳಗು ಮಾಡುವ ವಿಧಾನ, ಅಕ್ಷರಕ್ಕೆ ಅಂಕಿ ಕೊಡುವ ವಿಧಾನ, ಹೀಗೆ ಬೀಗಗಳು ಬದಲಾಗುತ್ತ ಹೋದವು.

ಅಕ್ಷರಕ್ಕೆ ಅಂಕಿ ಎಂದೊಡನೆ ಸಂಗೀತ ಕಲಿಯುವ ವಿದ್ಯಾರ್ಥಿಗಳಿಗೆ ನಮ್ಮ ಕಟಪಯಾದಿ ಸೂತ್ರ ನೆನಪಾಗಬೇಕು. ಮಾಯಾಮಾಳವಗೌಳ ಎಂಬ ಮೇಳಕರ್ತ ರಾಗದ ಮೊದಲೆರಡು ಅಕ್ಷರಗಳನ್ನು ನೋಡಿ. ಪ ವರ್ಗದಲ್ಲಿ ಮ ಐದನೆಯದು, ಆದ್ದರಿಂದ 5. ಯ ದಿಂದ ಆರಂಭವಾಗುವ ಸಾಲಿನಲ್ಲಿ ಯ ಮೊದಲನೆಯದು, ಆದ್ದರಿಂದ 1. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿದರೆ 15. ಎಪ್ಪತ್ತೆರಡು ಮೇಳಕರ್ತಗಳಲ್ಲಿ ಮಾಯಾಮಾಳವಗೌಳ ಹದಿನೈದನೆಯದು. ರಾಗದ ಹೆಸರಿನೊಳಗೇ ಅದರ ಸಂಖ್ಯೆಯನ್ನು ಅಡಗಿಸಿದ ಜಾಣ್ಮೆ ಇದು.

ಗುಪ್ತಲಿಪಿಯಿಂದ ನಾವು ಕಲಿಯಬೇಕಾದ ಒಂದು ಮುಖ್ಯ ಪಾಠವಿದೆ. ಸರಿಯಾದ ಕೀಲಿ ಎಲ್ಲ ಅಕ್ಷರಗಳಿಗೂ ಹೊಂದುತ್ತದೆ. ಮೂರು ಸ್ಥಾನ ಹಿಂದೆ ಎಂದರೆ ಸಾಲಿನ ಮೊದಲಿನಿಂದ ಕೊನೆಯವರೆಗೆ ಮೂರೇ ಸ್ಥಾನ. ಇಲ್ಲಿ ಮೂರು, ಅಲ್ಲಿ ಐದು, ಮತ್ತೊಂದು ಕಡೆ ‘ಇದು ಮುದ್ರಣದೋಷವಿರಬೇಕು’ ಎಂದು ನಾವೇ ಬಗ್ಗಿಸುತ್ತ ಹೋದರೆ, ಯಾವ ಸಾಲಿನಿಂದ ಯಾವ ಅರ್ಥವನ್ನಾದರೂ ಹೊರಡಿಸಬಹುದು. ಹಾಗೆ ಹೊರಟ ಅರ್ಥ ಸಾಲಿನಲ್ಲಿ ಇದ್ದದ್ದಲ್ಲ, ನಾವು ತುಂಬಿದ್ದು. ಊಹೆಗಳಿಗೂ ಇದೇ ನ್ಯಾಯ.

ದಿನಚರಿ ಬರೆದವನು ಯಾರೆಂಬ ಪ್ರಶ್ನೆಗೆ ನೋಡುಗರು ಮಾಡಿದ ಊಹೆಗಳಲ್ಲಿ ಮುಖ್ಯವಾದ ಮೂರನ್ನು ನೋಡೋಣ. ಸರಣಿ ಮುಗಿದು ವರ್ಷಗಳೇ ಆಗಿರುವುದರಿಂದ ಉತ್ತರ ಹೇಳಿಬಿಡುತ್ತೇನೆ.

ಮೊದಲ ಊಹೆ: ಸ್ಟ್ಯಾನ್ ತಾತನೇ ಬರೆದದ್ದು. ಅವನು ರಾತ್ರಿ ಹೊತ್ತು ಗುಟ್ಟಾಗಿ ನೆಲಮಾಳಿಗೆಗೆ ಇಳಿಯುತ್ತಾನೆ, ಏನನ್ನೋ ಮುಚ್ಚಿಡುತ್ತಾನೆ. ಆದ್ದರಿಂದ ಅನುಮಾನ ಸಹಜ. ಆದರೆ ರಟ್ಟಿನ ಮೇಲಿನ ಅಂಗೈಗೆ ಆರು ಬೆರಳು. ತಾತನ ಕೈಗೆ ಐದೇ. ಊಹೆ ಇಲ್ಲಿ ಎಡವುತ್ತದೆ.

ಎರಡನೆಯ ಊಹೆ: ಊರಿನ ಹುಚ್ಚು ಮುದುಕ ಮೆಕ್‌ಗಕೆಟ್ ಬರೆದದ್ದು. ಅವನಿಗೆ ಯಂತ್ರಗಳನ್ನು ಕಟ್ಟುವ ವಿದ್ಯೆ ಗೊತ್ತು, ಹಳೆಯ ನೆನಪು ಅಳಿಸಿಹೋಗಿದೆ. ಬಲವಾದ ಊಹೆಯೇ ಸರಿ. ಆದರೆ 2014ರ ಅಕ್ಟೋಬರ್‌ನಲ್ಲಿ ಬಂದ ಕಂತಿನಲ್ಲಿ ಅವನು ಬರೆದವನಲ್ಲ, ಬರೆದವನ ಸಹಾಯಕನಾಗಿದ್ದನೆಂದು ತಿಳಿಯಿತು. ಊಹೆ ಬಿತ್ತು. ಆದರೂ ವ್ಯರ್ಥವಾಗಲಿಲ್ಲ. ಬರೆದವನು ಬೇರೊಬ್ಬನಿದ್ದಾನೆ ಎಂಬುದು ಖಚಿತವಾಯಿತು.

ಮೂರನೆಯ ಊಹೆ: ಸ್ಟ್ಯಾನ್ ತಾತನಿಗೆ ಒಬ್ಬ ಅವಳಿ ಸೋದರನಿದ್ದಾನೆ, ಬರೆದವನು ಅವನೇ. ಮೇಲ್ನೋಟಕ್ಕೆ ಇದು ಎಲ್ಲಕ್ಕಿಂತ ಅಸಂಭವ. ಅಂತಹ ವ್ಯಕ್ತಿಯನ್ನು ಯಾರೂ ಒಮ್ಮೆಯೂ ತೆರೆಯ ಮೇಲೆ ಕಂಡಿರಲಿಲ್ಲ. ಆದರೆ ಸುಳಿವುಗಳನ್ನು ಕೂಡಿಸಿದವರಿಗೆ ಬೇರೆಯೇ ಕಂಡಿತು. ಎಲ್ಲರೂ ತಾತನ ಪೂರ್ಣ ಹೆಸರು ಸ್ಟ್ಯಾನ್‌ಫರ್ಡ್ ಎಂದು ತಿಳಿದಿದ್ದರು. ಅವನ ಕಾರಿನ ನಂಬರ್ ಪ್ಲೇಟಿನ ಮೇಲೆ ಮಾತ್ರ ಸ್ಟ್ಯಾನ್ಲಿ ಎಂಬ ಹೆಸರಿನ ಅಕ್ಷರಗಳಿದ್ದವು. ಮನೆಯಲ್ಲಿ ಬಹುಕಾಲ ಮುಚ್ಚಿದ್ದ ಕೋಣೆಯೊಂದು ತೆರೆದಾಗ ಅಲ್ಲಿ ಒಂದು ಜೊತೆ ಕನ್ನಡಕ ಸಿಕ್ಕಿತು; ತಾತ ಅದನ್ನು ಸದ್ದಿಲ್ಲದೆ ಕಿಸೆಗೆ ಸೇರಿಸಿದ. ಕಥೆಯ ನಾಯಕರೂ ಅವಳಿಗಳೇ. ಒಂದೊಂದಾಗಿ ನೋಡಿದರೆ ಇವು ಏನೂ ಅಲ್ಲ. ಕಾರಿನ ಹೆಸರು ಚಿತ್ರಕಾರರ ತಮಾಷೆಯಾಗಿರಬಹುದು, ಕನ್ನಡಕ ಹಳೆಯದಾಗಿರಬಹುದು. ಆದರೆ ಒಂದೇ ಊಹೆ ಎಲ್ಲಕ್ಕೂ ಹೊಂದಿಕೊಂಡಿತು. ಒಂದೇ ಕೀಲಿ, ಎಲ್ಲ ಅಕ್ಷರಗಳು.

ಇಲ್ಲಿ ಒಂದು ಸ್ವಾರಸ್ಯಕರ ಘಟನೆ ನಡೆಯಿತು. ನೋಡುಗರು ಗುಟ್ಟಿನ ಸಮೀಪಕ್ಕೆ ಬಂದದ್ದನ್ನು ಕಂಡ ಅಲೆಕ್ಸ್ ಹರ್ಶ್ 2013ರಲ್ಲಿ ಒಂದು ಉಪಾಯ ಹೂಡಿದರು. ಮೆಕ್‌ಗಕೆಟ್ ದಿನಚರಿ ಬರೆಯುತ್ತಿರುವಂತೆ ಒಂದು ಸುಳ್ಳು ಚಿತ್ರವನ್ನು ಸಿದ್ಧಪಡಿಸಿ, ಅದು ಮುಂದಿನ ಕಂತಿನಿಂದ ಸೋರಿಹೋದ ಚಿತ್ರವೆಂಬ ಭಾವನೆ ಬರುವಂತೆ ಹೊರಗೆ ಬಿಟ್ಟರು. ಸೋರಿಕೆಯಿಂದ ಕೋಪಗೊಂಡವರಂತೆ ತಾವೇ ಒಂದು ಮಾತು ಬರೆದು, ಕೂಡಲೇ ಅಳಿಸಿದರು. ಅನೇಕರು ನಂಬಿಬಿಟ್ಟರು. ಅವಳಿಯ ಊಹೆಯನ್ನು ಕೈಬಿಟ್ಟವರೂ ಇದ್ದರು. ಕೊನೆಗೆ 2015ರ ಮಾರ್ಚ್ 9ರಂದು ಬಂದ ಕಂತಿನಲ್ಲಿ ಬೇರೊಂದು ಲೋಕದ ಬಾಗಿಲು ತೆರೆದು ಒಬ್ಬ ವ್ಯಕ್ತಿ ಹೊರಬಂದ. ಅವನ ಕೈಗೆ ಆರು ಬೆರಳುಗಳಿದ್ದವು. ಅವನು ಸ್ಟ್ಯಾನ್ ತಾತನ ಅವಳಿ ಸೋದರ.

ಮಿತ್ರರೇ, ಮೂರನೆಯ ಊಹೆ ಗೆದ್ದಿತು ಎಂಬುದಕ್ಕಿಂತ ಅದು ಒಳ್ಳೆಯ ಊಹೆ ಏಕೆ ಎಂಬುದು ಮುಖ್ಯ. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿ ಅದೃಷ್ಟದಿಂದ ಸರಿಯಾದವನಿಗೂ, ಲೆಕ್ಕ ಮಾಡಿ ಸರಿಯಾದವನಿಗೂ ವ್ಯತ್ಯಾಸವಿದೆ. ನನಗೆ ತೋರುವಂತೆ ಒಳ್ಳೆಯ ಊಹೆಗೆ ಮೂರು ಲಕ್ಷಣಗಳಿವೆ. ಮೊದಲನೆಯದಾಗಿ, ಅದು ಬಿಡಿಬಿಡಿಯಾಗಿದ್ದ ಸುಳಿವುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಎರಡನೆಯದಾಗಿ, ಮುಂದೆ ಏನು ಕಾಣಬೇಕೆಂದು ಮೊದಲೇ ಹೇಳುತ್ತದೆ. ಅವಳಿ ಸೋದರ ಬಂದರೆ ಅವನ ಕೈಗೆ ಆರು ಬೆರಳಿರಲೇಬೇಕು. ಮೂರನೆಯದಾಗಿ, ಅದಕ್ಕೆ ಸೋಲುವ ಧೈರ್ಯವಿರುತ್ತದೆ. ಬಂದವನಿಗೆ ಐದೇ ಬೆರಳಿದ್ದರೆ ಆ ಊಹೆ ಅಲ್ಲಿಗೇ ಮುಗಿಯುತ್ತಿತ್ತು.

ಈ ಮೂರನೆಯ ಲಕ್ಷಣವೇ ಎಲ್ಲಕ್ಕಿಂತ ದೊಡ್ಡದು. ಯಾವ ಕಾರ್ಟೂನಿನ ಬಗ್ಗೆಯಾದರೂ ‘ಇದೆಲ್ಲ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿರುವ ಹುಡುಗನ ಕನಸು’ ಎಂಬ ಊಹೆಯನ್ನು ನೀವು ಕೇಳಿರುತ್ತೀರಿ. ಕೇಳಲು ರೋಮಾಂಚಕ. ಆದರೆ ಇದನ್ನು ಸೋಲಿಸುವ ಬಗೆ ಯಾವುದು? ಏನೇ ತೋರಿಸಿದರೂ ‘ಅದೂ ಕನಸೇ’ ಎಂದುಬಿಡಬಹುದು. ಎಲ್ಲಕ್ಕೂ ಉತ್ತರವಾಗುವ ಊಹೆ ಯಾವುದಕ್ಕೂ ಉತ್ತರವಲ್ಲ.

ಹಾಗೆಂದು ಕನಸಿನ ಕಥೆಗಳೆಲ್ಲ ಹಗುರವೆಂದು ತಿಳಿಯಬಾರದು. 2013ರಲ್ಲಿ ತೆರೆಕಂಡ ಪವನ್ ಕುಮಾರ್ ನಿರ್ದೇಶನದ ಕನ್ನಡ ಚಿತ್ರ ‘ಲೂಸಿಯಾ’ವನ್ನು ನೋಡಿ. ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ ತಯಾರಿಸಿದ ಚಿತ್ರವದು. ನಮ್ಮ ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಸತೀಶ್ ಅದರ ನಾಯಕ. ನಿದ್ದೆ ಬಾರದ ಟಾಕೀಸಿನ ನೌಕರನೊಬ್ಬ ಒಂದು ಮಾತ್ರೆ ನುಂಗಿ, ತಾನು ಸಿನಿಮಾ ತಾರೆಯಾದಂತೆ ಕನಸು ಕಾಣುತ್ತಾನೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯಾವುದು ಕನಸು, ಯಾವುದು ನಿಜ ಎಂದು ಪ್ರೇಕ್ಷಕರು ಚರ್ಚಿಸಿದರು. ಮತ್ತೆ ಮತ್ತೆ ನೋಡಿದವರಿದ್ದಾರೆ. ಅಲ್ಲಿ ಕನಸು ಕಥೆಯ ಒಳಗಿನ ನಿಯಮ; ಅದಕ್ಕೆ ಸುಳಿವುಗಳಿವೆ, ಗಡಿಯಿದೆ, ಆದ್ದರಿಂದ ಊಹೆಗೆ ಸರಿ ತಪ್ಪು ಎಂಬುದೂ ಇದೆ.

ಇಲ್ಲಿಯವರೆಗೆ ಹೇಳಿದ್ದು ಕಥೆಯ ಒಗಟು. ಕಥೆಯ ಒಗಟಿನಲ್ಲಿ ಒಂದು ಅನುಕೂಲವಿದೆ. ಅದನ್ನು ಕಟ್ಟಿದವನೊಬ್ಬನಿದ್ದಾನೆ. ನೀವು ಬಿಡಿಸಲೆಂದೇ ಅವನು ಸುಳಿವುಗಳನ್ನು ಬಿಟ್ಟಿದ್ದಾನೆ. ನಂಬರ್ ಪ್ಲೇಟಿನ ಮೇಲೆ ಒಂದು ಹೆಸರು ಕಂಡರೆ ಅದನ್ನು ಬರೆದ ಕೈಯೊಂದಿದೆ. ಆದರೆ ಪ್ರಕೃತಿಯಲ್ಲಿ ಹಾಗಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಬಂದದ್ದು 1980ರಲ್ಲಿ. ಅದರಲ್ಲಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋದವರಿಗೆ ಯಾರೂ ಸುಳಿವುಗಳನ್ನು ಜೋಡಿಸಿಟ್ಟಿರಲಿಲ್ಲ. ಕಾಡಿಗೆ ನಮ್ಮನ್ನು ಮೋಸಗೊಳಿಸುವ ಉದ್ದೇಶವಿಲ್ಲ, ದಾರಿ ತೋರಿಸುವ ಉದ್ದೇಶವೂ ಇಲ್ಲ. ಅಂತಹ ಕಡೆ ಊಹೆಯ ಶಾಸ್ತ್ರ ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಹತ್ತಿರದಲ್ಲೇ ಒಂದು ಉದಾಹರಣೆಯಿದೆ.

ಸೊರಬದಿಂದ ಬನವಾಸಿಯ ಕಡೆಗೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಗುಡವಿ ಇದೆ. ಅಲ್ಲಿಯ ಕೆರೆ ಪಕ್ಷಿಧಾಮವೆಂದು ಪ್ರಸಿದ್ಧ. ಮಳೆಗಾಲ ಹಿಡಿದು ಕೆರೆ ತುಂಬುತ್ತಿದ್ದಂತೆ ನೀರಿನ ನಡುವೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಕೂಡುತ್ತವೆ. ಕೊಂಬೆ ಕೊಂಬೆಗೂ ಗೂಡು. ಮೊಟ್ಟೆ ಒಡೆದು ಮರಿಗಳು ಬೆಳೆದು ರೆಕ್ಕೆ ಬಲಿಯುವವರೆಗೆ ಕೆರೆಯಲ್ಲಿ ಗದ್ದಲವೋ ಗದ್ದಲ. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಮರಗಳು ಬರಿದಾಗತೊಡಗುತ್ತವೆ. ಎಲ್ಲಿಂದ ಬಂದವು? ಎಲ್ಲಿಗೆ ಹೋದವು?

ಪಕ್ಷಿಗಳ ಈ ಒಗಟು ಮನುಷ್ಯನನ್ನು ಬಹಳ ಹಿಂದಿನಿಂದ ಕಾಡಿದೆ. ಗ್ರೀಸಿನ ಅರಿಸ್ಟಾಟಲನಂತಹ ಮೇಧಾವಿಯೇ, ಬೇಸಿಗೆಯಲ್ಲಿ ಕಾಣುವ ಒಂದು ಜಾತಿಯ ಹಕ್ಕಿ ಚಳಿಗಾಲದಲ್ಲಿ ಬೇರೊಂದು ಜಾತಿಯಾಗಿ ಮಾರ್ಪಡುತ್ತದೆ ಎಂದು ಬರೆದ. ಕೆಲವು ಹಕ್ಕಿಗಳು ಪೊಟರೆಗಳಲ್ಲಿ ಅಡಗಿ ಚಳಿಗಾಲ ಕಳೆಯುತ್ತವೆ ಎಂದೂ ಹೇಳಿದ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಮಾರ್ಟನ್ ಎಂಬ ವಿದ್ವಾಂಸ ಇನ್ನೂ ಮುಂದೆ ಹೋಗಿ, ಹಕ್ಕಿಗಳು ಚಂದ್ರಲೋಕಕ್ಕೆ ಹೋಗುತ್ತವೆ, ಪಯಣಕ್ಕೆ 60 ದಿನ ಬೇಕು ಎಂದು ವಾದಿಸಿದ. ಯಾವ ವೈಜ್ಞಾನಿಕ ಕಾರ್ಟೂನಿಗೂ ಕಡಿಮೆಯಿಲ್ಲದ ಕಲ್ಪನೆ! ನಗಬೇಡಿ. ಹಕ್ಕಿಗಳು ಎಲ್ಲಿಗೋ ಬಹಳ ದೂರ ಹೋಗುತ್ತವೆ ಎಂಬ ಭಾಗ ಸರಿಯಾಗಿಯೇ ಇತ್ತು.

ಸುಳಿವು ಸಿಕ್ಕಿದ್ದು 1822ರಲ್ಲಿ. ಜರ್ಮನಿಯ ಕ್ಲುಟ್ಸ್ ಎಂಬ ಊರಿನ ಬಳಿ ಒಂದು ಕೊಕ್ಕರೆ ಸಿಕ್ಕಿತು. ಅದರ ಕತ್ತಿನಲ್ಲಿ ಉದ್ದನೆಯ ಈಟಿಯೊಂದು ನಾಟಿಕೊಂಡಿತ್ತು. ಅದು ಆಫ್ರಿಕಾದಲ್ಲಿ ಮಾಡಿದ ಈಟಿ. ಗಾಯಗೊಂಡ ಹಕ್ಕಿ ಅದನ್ನು ಹೊತ್ತುಕೊಂಡೇ ಜರ್ಮನಿಗೆ ಹಾರಿ ಬಂದಿತ್ತು. ಕೆಸರಿನಲ್ಲಿ ಮಲಗಿದ್ದ ಹಕ್ಕಿಗೆ ಆಫ್ರಿಕಾದ ಈಟಿ ಎಲ್ಲಿಂದ ಬರಬೇಕು? ಆ ಕೊಕ್ಕರೆಯನ್ನು ಇಂದಿಗೂ ರೋಸ್ಟಾಕ್ ವಿಶ್ವವಿದ್ಯಾನಿಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ. ಮುಂದೆ 1899ರಲ್ಲಿ ಡೆನ್ಮಾರ್ಕಿನ ಶಾಲಾ ಶಿಕ್ಷಕ ಮಾರ್ಟೆನ್‌ಸನ್ ಹಕ್ಕಿಗಳ ಕಾಲಿಗೆ ಸಂಖ್ಯೆ ಬರೆದ ಅಲ್ಯೂಮಿನಿಯಂ ಉಂಗುರ ತೊಡಿಸುವ ಕ್ರಮವನ್ನು ಆರಂಭಿಸಿದರು. ಆಕಸ್ಮಿಕವಾಗಿ ಸಿಗುವ ಸುಳಿವಿಗಾಗಿ ಕಾಯದೆ, ಸುಳಿವನ್ನು ನಾವೇ ಕಟ್ಟಿ ಕಳುಹಿಸುವ ಉಪಾಯವಿದು. ಇದೇ ಬಗೆಯಲ್ಲಿ ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಈ ಹೆಬ್ಬಾತುಗಳ ಹಿಂಡನ್ನು ನೋಡಬಹುದು.

ಹಾಗಾದರೆ ಗುಡವಿಯ ಕೆಂಬರಲುಗಳೂ ಮಂಗೋಲಿಯಾದಿಂದಲೋ ಸೈಬೀರಿಯಾದಿಂದಲೋ ಬಂದವೇ? ಪಕ್ಷಿಧಾಮಗಳಿಗೆ ಹೋದವರು ‘ಇವೆಲ್ಲ ವಿದೇಶಿ ಹಕ್ಕಿಗಳು’ ಎಂದು ಹೇಳುವುದನ್ನು ಕೇಳಿದ್ದೀರಿ. ಕೇಳಲು ಚೆಂದ. ಆದರೆ ಈ ಊಹೆಯನ್ನು ಪರೀಕ್ಷೆಗೆ ಒಡ್ಡಿ ನೋಡಿ. ಗುಡವಿಯಲ್ಲಿ ಒಂದು ಆರನೆಯ ಬೆರಳಿದೆ. ಅದೇ ಗೂಡು. ಉತ್ತರದ ಶೀತ ದೇಶಗಳ ಹಕ್ಕಿಗಳು ಮರಿ ಮಾಡುವುದು ತಮ್ಮ ತವರಿನ ಬೇಸಿಗೆಯಲ್ಲಿ. ಅಲ್ಲಿ ಹಿಮ ಬಿದ್ದು ಆಹಾರ ಸಿಗದಾದಾಗ, ಹೊಟ್ಟೆ ಹೊರೆಯಲು ನಮ್ಮಲ್ಲಿಗೆ ಬರುತ್ತವೆ. ಅವು ಇಲ್ಲಿ ಗೂಡು ಕಟ್ಟುವುದಿಲ್ಲ. ಮಾಗಡಿಯ ಹೆಬ್ಬಾತು ಅಲ್ಲಿ ಮೊಟ್ಟೆಯಿಡುವುದಿಲ್ಲ. ಗುಡವಿಯ ಹಕ್ಕಿಗಳಾದರೋ ಬರುವುದು ಮಳೆಗಾಲದಲ್ಲಿ, ಅದೂ ಸಂಸಾರ ಹೂಡಲೆಂದೇ. ಕಾಲವೂ ಹೊಂದುವುದಿಲ್ಲ, ಕೆಲಸವೂ ಹೊಂದುವುದಿಲ್ಲ. ಸೈಬೀರಿಯಾದ ಊಹೆ ಇಲ್ಲಿ ಬೀಳುತ್ತದೆ.

ಅಷ್ಟಕ್ಕೇ ನಿಲ್ಲಬಾರದು. ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ‘ಮುಂಗಾರಿನ ಜೊತೆಯಲ್ಲಿ ಆಫ್ರಿಕಾದ ಕಡೆಯಿಂದ ಉತ್ತರ ಭಾರತಕ್ಕೆ ಬರುವ ಚಾತಕ ಪಕ್ಷಿ ಇಲ್ಲಿಯೇ ಸಂತಾನ ಬೆಳೆಸುತ್ತದಲ್ಲ? ಕೆಂಬರಲೂ ಹಾಗೆಯೇ ಏಕಿರಬಾರದು?’ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಗೂಡು ಎಂಬ ಸುಳಿವು ಸೈಬೀರಿಯಾವನ್ನು ಸೋಲಿಸಿತೇ ಹೊರತು ಎಲ್ಲ ದೂರದೇಶಗಳನ್ನೂ ಸೋಲಿಸಲಿಲ್ಲ. ಆಗ ಎರಡನೆಯ ಸುಳಿವನ್ನು ಹುಡುಕಬೇಕು. ಗುಡವಿಯ ಮರಗಳು ಬರಿದಾದ ತಿಂಗಳುಗಳಲ್ಲಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ನಮ್ಮ ನಾಡಿನಿಂದಲೇ ಮಾಯವಾಗುತ್ತವೆಯೇ? ಇಲ್ಲ. ಗದ್ದೆಗಳಲ್ಲಿ, ಬಯಲು ಸೀಮೆಯ ಕೆರೆಗಳಲ್ಲಿ, ಹೊಳೆಯ ದಡಗಳಲ್ಲಿ ಇವೇ ಜಾತಿಗಳನ್ನು ವರ್ಷವಿಡೀ ನೋಡಬಹುದು. ಇವು ನಮ್ಮ ದೇಶದಲ್ಲೇ ನೆಲೆಸಿದ, ನೀರು ಮತ್ತು ಆಹಾರ ಇದ್ದ ಕಡೆ ತಿರುಗಾಡುವ ಹಕ್ಕಿಗಳು. ಗುಡವಿ ಅವುಗಳಿಗೆ ಪ್ರವಾಸದ ತಾಣವಲ್ಲ, ಹೆರಿಗೆ ಮನೆ.

ಇದು ಬರಿಯ ಜಾಣತನದ ಮಾತಲ್ಲ. ಹಕ್ಕಿ ಹೊರದೇಶದ ಅತಿಥಿ ಎಂದುಕೊಂಡರೆ, ಬಂದು ಹೋಗುವ ಕಾಲದಲ್ಲಿ ಕೆರೆಯೊಂದನ್ನು ಕಾದರೆ ಸಾಕು ಎನ್ನಿಸುತ್ತದೆ. ಅದು ನಮ್ಮ ನಾಡಿನದೇ ಹಕ್ಕಿ ಎಂದು ತಿಳಿದರೆ, ಉಳಿದ ತಿಂಗಳುಗಳಲ್ಲಿ ಅದು ಮೇಯುವ ಗದ್ದೆ, ಹಳ್ಳ, ಊರ ಕೆರೆಗಳೂ ಉಳಿಯಬೇಕೆಂದು ಗೊತ್ತಾಗುತ್ತದೆ. ಊಹೆ ತಪ್ಪಿದರೆ ಕಾವಲು ತಪ್ಪುತ್ತದೆ.

ಹಕ್ಕಿಯ ವಿಷಯದಲ್ಲಿ ಊಹೆ ತಪ್ಪಿದರೆ ಹೀಗೆ. ಮನುಷ್ಯರ ವಿಷಯದಲ್ಲಿ ತಪ್ಪಿದರೆ? ಈಗ ಹೇಳುವುದು ನೋವಿನ ಸಂಗತಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲ್ ಫೋನುಗಳ ಮೂಲಕ ದೇಶದ ಅನೇಕ ಕಡೆ ಹರಡಿತ್ತು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಬಂದ ಕೆಲವು ಗೆಳೆಯರ ಮೇಲೆ ಜನ ಮುಗಿಬಿದ್ದರು. ಹೈದರಾಬಾದಿನ ಯುವ ಇಂಜಿನಿಯರೊಬ್ಬರು ಪ್ರಾಣ ಕಳೆದುಕೊಂಡರು. ಅವರ ಮೇಲೆ ಅನುಮಾನ ಬರಲು ಕಾರಣ ಏನು ಗೊತ್ತೇ? ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು.

ಚಾಕೊಲೇಟು ಒಂದು ಸುಳಿವು. ಅದಕ್ಕೆ ಹತ್ತು ಅರ್ಥಗಳಿರಬಹುದು. ಮಕ್ಕಳನ್ನು ಕಂಡರೆ ಪ್ರೀತಿ ಎಂಬುದು ಎಲ್ಲಕ್ಕಿಂತ ಸರಳವಾದದ್ದು. ಆದರೆ ಗುಂಪಿನ ತಲೆಯಲ್ಲಿ ಒಂದೇ ಊಹೆ ಮೊದಲೇ ಸಿದ್ಧವಾಗಿತ್ತು. ಕಂಡದ್ದೆಲ್ಲ ಅದಕ್ಕೆ ಸಾಕ್ಷಿಯಾಯಿತು. ಅವರು ಓಡಿದರೆ ಅಪರಾಧಿಗಳು, ನಿಂತರೆ ಧೈರ್ಯದ ಕಳ್ಳರು. ‘ನಮ್ಮ ಊಹೆ ತಪ್ಪಾಗಿದ್ದರೆ ಅದು ಯಾವುದರಿಂದ ತಿಳಿಯುತ್ತದೆ?’ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಸೋಲಲು ಒಪ್ಪದ ಊಹೆ ಕಾರ್ಟೂನಿನ ಹರಟೆಯಲ್ಲಿದ್ದರೆ ನಷ್ಟವಿಲ್ಲ. ಅದೇ ಊಹೆ ಬೀದಿಗಿಳಿದರೆ ಮನುಷ್ಯರ ಪ್ರಾಣ ತೆಗೆಯುತ್ತದೆ.

ಆದ್ದರಿಂದ, ಧಾರಾವಾಹಿ ನೋಡಬೇಡಿ, ಊಹೆ ಮಾಡಬೇಡಿ ಎಂದು ನಾನು ಹೇಳಲಾರೆ. ಮಾಡಿ, ಚೆನ್ನಾಗಿ ಮಾಡಿ. ಗರಡಿಮನೆಯಲ್ಲಿ ಬಿದ್ದರೆ ಮೈಗೆ ಮಣ್ಣು ಮೆತ್ತಿಕೊಳ್ಳುತ್ತದೆಯೇ ಹೊರತು ಮಾನ ಹೋಗುವುದಿಲ್ಲ. ಕಥೆಗಳು ಊಹೆಯ ಗರಡಿಮನೆ. ಅಲ್ಲಿ ತಪ್ಪು ಊಹೆಗೆ ಯಾರೂ ಬೆಲೆ ತೆರಬೇಕಾಗಿಲ್ಲ. ಅಲ್ಲಿಯೇ ಪಟ್ಟುಗಳನ್ನು ಕಲಿಯಿರಿ.

ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ಮುಂದಿನ ಸಲ ನೀವು ರಹಸ್ಯ ಕಥೆಯೊಂದನ್ನು ನೋಡುವಾಗಲೋ ಓದುವಾಗಲೋ ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಪುಟದ ಒಂದು ಬದಿಯಲ್ಲಿ ನಿಮ್ಮ ಊಹೆಯನ್ನೂ ಅದಕ್ಕೆ ಆಧಾರವಾದ ಸುಳಿವುಗಳನ್ನೂ ಬರೆಯಿರಿ. ಇನ್ನೊಂದು ಬದಿಯಲ್ಲಿ, ಮುಂದೆ ಏನು ಕಂಡರೆ ಈ ಊಹೆಯನ್ನು ಬಿಟ್ಟುಬಿಡುತ್ತೇನೆ ಎಂದು ಬರೆಯಿರಿ. ತಾರೀಖು ಹಾಕಿ. ಎರಡನೆಯ ಬದಿ ಖಾಲಿ ಉಳಿದರೆ ನಿಮ್ಮದು ಇನ್ನೂ ಊಹೆಯಲ್ಲ, ಬರಿಯ ಹಂಬಲ. ಊಹೆ ಬಿದ್ದ ದಿನ ಅದರ ಮೇಲೆ ಒಂದು ಗೆರೆ ಎಳೆಯಿರಿ, ಹರಿದು ಹಾಕಬೇಡಿ. ಬಿದ್ದ ಊಹೆಗಳ ಪಟ್ಟಿಯೇ ನಿಮ್ಮ ಬುದ್ಧಿ ಬೆಳೆದ ದಾಖಲೆ.

ಹಾಗೆಯೇ ಮಳೆಗಾಲದಲ್ಲಿ ಬಿಡುವು ಸಿಕ್ಕರೆ ಗುಡವಿಗೆ ಹೋಗಿ ಬನ್ನಿ. ಗದ್ದಲ ಮಾಡದೆ ಗೂಡುಗಳನ್ನು ನೋಡಿ. ಯಾವ ಹಕ್ಕಿ ಮರದ ಯಾವ ಎತ್ತರದಲ್ಲಿ ಗೂಡು ಕಟ್ಟಿದೆ, ಯಾವುದು ಒಂಟಿಯಾಗಿದೆ, ಯಾವುದು ಗುಂಪಿನಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಏಕೆ ಎಂದು ಊಹಿಸಿ. ಆ ಕೆರೆಯ ಕಥೆಗೆ ಕೊನೆಯ ಕಂತು ಬರೆದವರು ಯಾರೂ ಇಲ್ಲ. ಉತ್ತರವನ್ನು ನೀವೇ ನೋಡಿ ತಿಳಿಯಬೇಕು.